ಬೆದರಿಸಿ ನಗಿಸುವ ಅಕ್ಷರಗಳು

ಜಾತ್ರೆಯ ಕಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಸಂಚರಿಸುವವರ ಕಣ್ಣಿಗೆ ನಾಟಕದ ಜಾಹೀರಾತುಗಳು ಬೀಳದೆ ಇರಲಾರವು. ಅವುಗಳ ನಡುವೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಇದ್ದಿತೆಂದರೆ, ಆ ಹೆಸರನ್ನು ಬರೆಯುವ ಪೇಂಟರನು ಅಕ್ಷರಗಳ ಅಡಿಯಿಂದ ಕೆಂಬಣ್ಣವನ್ನು ತೊಟ್ಟಿಕ್ಕಿಸುವ ಆಸೆಯನ್ನು ಅದುಮಿಟ್ಟುಕೊಳ್ಳುವುದು ಕಷ್ಟವೇ ಸರಿ. ಆ ಬರಹದಲ್ಲಿ ಭಯಾನಕದೊಡನೆ ತುಸು ಹಾಸ್ಯವೂ ಬೆರೆತಿರುತ್ತದೆ. ಹುಡುಗರು ಅದನ್ನು ಕಂಡು ಬೆದರಿ, ಬೆದರಿದ್ದಕ್ಕೆ ತಾವೇ ನಗುವರು. ಹೀಗೆ ತೊಟ್ಟಿಕ್ಕುವ, ಗೀರಿದಂತಿರುವ ಬರಹವನ್ನು ಗಣಕಯಂತ್ರದ ಫಾಂಟಾಗಿ ಪರಿವರ್ತಿಸುವ ವಿದ್ಯೆ ಆಂಗ್ಲಲಿಪಿಯಲ್ಲಿ ಹುಲುಸಾಗಿ ಬೆಳೆದಿದೆಯಾದರೂ, ಕನ್ನಡದಲ್ಲಿ ಅದರ ಕಷ್ಟಗಳೇ ಬೇರೆ.

ಗೀರುವುದು ನಮ್ಮ ಲಿಪಿಗೆ ಹೊಸತಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದು, ವಚನಗಳ ತಾಳೆಗರಿಗಳನ್ನು ಅರಸಿ ಅಲೆದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದ ಫ. ಗು. ಹಳಕಟ್ಟಿಯವರ ಕೈಗೆ ಬಂದ ಓಲೆಗಳೆಲ್ಲವೂ ಲೋಹದ ಲೇಖನಿಯಾದ ಕಂಟದಿಂದ ಕೊರೆದು ಮಸಿ ತೀಡಿದ ಬರಹಗಳೇ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯು ಕಲ್ಲಚ್ಚಿನಲ್ಲಿ ಹೊರಟುದರಿಂದ ಅದರಲ್ಲಿಯೂ ಕೈಬರಹದ ಜೀವ ಉಳಿದಿತ್ತು. ಸೀಸದ ಮೊಳೆಗಳು ಬಂದ ಬಳಿಕವೇ ಪ್ರತಿಯೊಂದು ರಕಾರವೂ ಮತ್ತೊಂದು ರಕಾರದ ಪಡಿಯಚ್ಚಾಯಿತು.

ದುಂಡನೆಯ ಕನ್ನಡದ ಅಕ್ಷರವು ಸ್ವಭಾವತಃ ಸೌಮ್ಯ. ಅದನ್ನು ವಿಕಾರಗೊಳಿಸುವಾಗ ಎಲ್ಲೆಂದರಲ್ಲಿ ಗೀರುವ ಸ್ವಾತಂತ್ರ್ಯ ಕಲಾವಿದನಿಗಿಲ್ಲ. ದ-ಧ, ಡ-ಢ, ಬ-ಭ, ಪ-ಫಗಳ ಭೇದವೆಲ್ಲ ಬುಡದಲ್ಲಿನ ಅಲ್ಪ ಸೀಳಿನಲ್ಲಿಯೇ ಅಡಗಿರುವುದರಿಂದ, ಅಲ್ಲೊಂದು ಗೀರು ಹೆಚ್ಚಾದರೆ ದನವು ಧನವಾದೀತು. ಪಕಾರದ ಹೊಟ್ಟೆಯೊಳಗೆ ಅಡ್ಡಗೆರೆ ಬಿದ್ದರೆ ಅದು ಷಕಾರವೇ ಆದೀತು. ಆದುದರಿಂದ ಬಲ್ಲವನು ಬುಡವನ್ನು ಶುದ್ಧವಾಗಿರಿಸಿ, ತಲೆಕಟ್ಟನ್ನು ಸೊಟ್ಟಗೆ ಎಳೆದು, ಕೊಂಬನ್ನೂ ಇಳಿಯನ್ನೂ ಅಗತ್ಯಕ್ಕಿಂತ ಉದ್ದಮಾಡಿ, ಒತ್ತಕ್ಷರವನ್ನು ಉಗುರಿನಂತೆ ಕೆಳಗಿಳಿಬಿಡುತ್ತಾನೆ. ಈ ಒತ್ತಕ್ಷರದ ಸೌಭಾಗ್ಯ ಆಂಗ್ಲಲಿಪಿಗೆ ಇಲ್ಲವೆಂಬುದನ್ನು ನಾವು ಸ್ವಲ್ಪ ಗರ್ವದಿಂದಲೇ ಹೇಳಿಕೊಳ್ಳಬಹುದು.

ಗುಣಿತಾಕ್ಷರ ಒತ್ತಕ್ಷರಗಳನ್ನೆಲ್ಲ ಕೂಡಿಸಿದರೆ ನೂರಾರು ರೂಪಗಳನ್ನು ಬಿಡಿಸಬೇಕಾದ ಈ ಶ್ರಮಕ್ಕೆ ಕೈಹಾಕುವವರು ವಿರಳ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿ, ಗೂಗಲ್ ಫಾಂಟ್ಸ್‌ನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವ ‘ಅಕಾಯ ಕನಡಕ’ (Akaya Kanadaka) ಫಾಂಟು ಈ ದಾರಿಯ ಸಮೀಪದ್ದು; ಅದು ಭೀಕರವಲ್ಲ, ಆದರೆ ಪಠ್ಯಪುಸ್ತಕದ ಗಾಂಭೀರ್ಯವನ್ನು ಬುದ್ಧಿಪೂರ್ವಕವಾಗಿ ತೊರೆದ ಚೇಷ್ಟೆಯ ಅಕ್ಷರ.

ಇನ್ನು ಫ್ಲೆಕ್ಸ್ ಅಂಗಡಿಗಳಲ್ಲಿ ಸಿದ್ಧವಾಗುವ ಭೀತಿಯ ವಿಷಯ. ‘ರಕ್ತರಾತ್ರಿ’ಯನ್ನು ಕೈಯಿಂದ ಬರೆದವನ ಮೊದಲ ರಕಾರಕ್ಕೂ ಎರಡನೆಯದಕ್ಕೂ ಹೋಲಿಕೆ ಇರುವುದಿಲ್ಲ; ಯಂತ್ರದಲ್ಲಿ ಒಂದೇ ಗೀರು ಒಂದೇ ಸ್ಥಳದಲ್ಲಿ ಎರಡು ಬಾರಿ ಕಾಣಿಸಿಕೊಂಡು ಮೋಸವೆಲ್ಲ ಬಯಲಾಗುತ್ತದೆ. ಒಂದೊಂದು ಅಕ್ಷರಕ್ಕೂ ಎರಡು ಮೂರು ರೂಪಗಳನ್ನು ಬರೆದಿಟ್ಟು, ಅವು ಸರದಿಯಂತೆ ತಾವಾಗಿಯೇ ಬದಲಾಗುವಂತೆ ಮಾಡುವ ಉಪಾಯ ಓಪನ್‌ಟೈಪ್ ಫಾಂಟುಗಳಲ್ಲಿದೆ. ಬಿಡಿಸುವ ಕೆಲಸ ಮಾತ್ರ ಆಗ ಎರಡರಷ್ಟೋ ಮೂರರಷ್ಟೋ ಆಗುವುದು.