ನರ್ಸಮ್ಮ ಪ್ರತಿ ಸಲವೂ ಅದನ್ನೇ ಯಾಕೆ ನೋಡುತ್ತಾರೆ?

ತೂಕ, ಬಿಪಿ, ರಕ್ತ, ಮೂತ್ರ, ಹೊಟ್ಟೆ. ಬಸುರಿ ಹೆಂಗಸು ಊರಿನ ಉಪಕೇಂದ್ರಕ್ಕೆ ಎಷ್ಟು ಸಲ ಹೋದರೂ ನರ್ಸಮ್ಮ ಮುಖ್ಯವಾಗಿ ನೋಡುವುದು ಇಷ್ಟನ್ನೇ. ‘ಹೋದ ತಿಂಗಳು ನೋಡಿದ್ರಲ್ಲ, ಮತ್ಯಾಕೆ?’ ಎಂದು ಮನೆಯವರು ಕೇಳುವುದುಂಟು. ಉತ್ತರ ತಾಯಿ ಕಾರ್ಡಿನಲ್ಲೇ ಇದೆ. ಬಿಪಿ 130/84 ಎಂಬುದು ಗಾಬರಿಪಡುವಂಥ ಅಂಕಿಯಲ್ಲ. ಆದರೆ ಹಿಂದಿನ ಎರಡು ತಪಾಸಣೆಗಳಲ್ಲಿ 106/68, 110/70 ಇದ್ದವಳಿಗೆ ಈಗ ಅಷ್ಟು ಬಂದಿದೆ, ಮುಖ ಊದಿದೆ, ತೂಕವೂ ದಿಢೀರನೆ ಏರಿದೆ ಎಂದಾದರೆ ನರ್ಸಮ್ಮ ಮುಂದಿನ ತಿಂಗಳವರೆಗೆ ಕಾಯುವುದಿಲ್ಲ. ಎರಡು ಮೂರು ದಿನದಲ್ಲೇ ಮತ್ತೆ ಬರಹೇಳುತ್ತಾರೆ. 140/90 ಮುಟ್ಟಿದರೆ, ಮೂತ್ರದಲ್ಲಿ ಆಲ್ಬುಮಿನ್ ಕಂಡರೆ ವೈದ್ಯರ ಬಳಿಗೆ ಕಳಿಸುತ್ತಾರೆ. ಫಿಟ್ಸ್ ತರಿಸಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಲ್ಲ ಗರ್ಭನಂಜು ಆರಂಭದಲ್ಲಿ ನೋವು ಕೊಡದೇ ಇರಬಹುದು. ಅಳೆದರಷ್ಟೇ ಗೊತ್ತಾಗುವುದು.

ಹೀಗಾಗಿಯೇ ಕನಿಷ್ಠ ನಾಲ್ಕು ತಪಾಸಣೆ ಬೇಕು: ಮೊದಲನೆಯದು 12 ವಾರದೊಳಗೆ, ಕೊನೆಯದು 36 ವಾರದ ನಂತರ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಉಚಿತವಾಗಿ ಪರೀಕ್ಷಿಸುವ ವ್ಯವಸ್ಥೆ 2016ರಿಂದ ಇದೆ. ಅಲ್ಲಿಗೆ ಯಾರು ತಪ್ಪದೆ ಹೋಗಲೇಬೇಕು ಎಂದು ಗುರುತಿಸುವವರೂ ಬಹುಪಾಲು ಈ ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆಯರೇ.

ಹೊಟ್ಟೆ ನೋಡುವುದು ನಿಜಕ್ಕೂ ಕೈಚಳಕದ ಕೆಲಸ. ಮೊದಲು ಮೂತ್ರ ಮಾಡಿ ಬರಲು ಹೇಳುತ್ತಾರೆ. ಅಂಗಾತ ಮಲಗಿಸಿ, ಮೊಣಕಾಲು ಮಡಿಸಲು ಹೇಳಿ, ಬಲಗಡೆ ನಿಂತು, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಕೈ ತಾಗಿದರೆ ಹೊಟ್ಟೆ ಬಿಗಿಯುತ್ತದೆ, ಏನೂ ತಿಳಿಯುವುದಿಲ್ಲ. ಗರ್ಭಕೋಶ 12 ವಾರಕ್ಕೆ ಕಿಬ್ಬೊಟ್ಟೆಯ ಎಲುಬಿನ ಮೇಲೆ ಆಗತಾನೆ ಕೈಗೆ ಸಿಗುತ್ತದೆ; 36 ವಾರಕ್ಕೆ ಎದೆಗೂಡಿನ ಕೆಳತುದಿ ಮುಟ್ಟಿರುತ್ತದೆ. ಲೆಕ್ಕಕ್ಕಿಂತ ಕೆಳಗಿದ್ದರೆ ಮಗುವಿನ ಬೆಳವಣಿಗೆ ಕುಂಠಿತವಾಗಿರಬಹುದು, ಮೇಲಿದ್ದರೆ ಅವಳಿ ಇರಬಹುದು. ಮುಟ್ಟಿನ ದಿನದ ಲೆಕ್ಕವೇ ತಪ್ಪಿದ್ದರೂ ಇರಬಹುದು. ಗಟ್ಟಿಯಾಗಿ ಗುಂಡಗೆ ಸಿಕ್ಕಿದ್ದು ತಲೆ, ಮೆತ್ತಗಿರುವುದು ಕುಂಡೆ. ಮಗುವಿನ ಎದೆಬಡಿತ ಕೇಳುವಾಗ ಅನುಭವಿ ನರ್ಸ್ ಇನ್ನೊಂದು ಕೈಯಲ್ಲಿ ತಾಯಿಯ ನಾಡಿ ಹಿಡಿದಿರುತ್ತಾರೆ. ತಾಯಿಯ ಬಡಿತವನ್ನೇ ಮಗುವಿನದೆಂದು ಎಣಿಸಿಬಿಡಬಾರದಲ್ಲ! ಮಗುವಿನದು ನಿಮಿಷಕ್ಕೆ 110ರಿಂದ 160.

ರಕ್ತಹೀನತೆಯಲ್ಲಿ ಮಾತ್ರೆ ಕೊಟ್ಟರೆ ಅರ್ಧ ಕೆಲಸವಷ್ಟೇ ಆದಂತೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ ಎಲ್ಲರಿಗೂ ಕೊಡುತ್ತಾರೆ; ಎಷ್ಟೋ ಮನೆಗಳಲ್ಲಿ ಅವು ಡಬ್ಬಿಯಲ್ಲೇ ಉಳಿಯುತ್ತವೆ. ವಾಕರಿಕೆ, ಮಲ ಕಪ್ಪಾದ ಗಾಬರಿ, ‘ಮಗು ಕಪ್ಪಗಾಗುತ್ತೆ’ ಎಂಬ ಅತ್ತೆಯ ಮಾತು. ಒಳ್ಳೆಯ ನರ್ಸ್ ‘ಮಾತ್ರೆ ತಗೋತಿದ್ದೀಯಾ?’ ಎಂದಷ್ಟೇ ಕೇಳಿ ಬಿಡುವುದಿಲ್ಲ. ‘ಇನ್ನೆಷ್ಟು ಉಳಿದಿವೆ, ನಾಳೆ ತಂದು ತೋರಿಸವ್ವ’ ಎನ್ನುತ್ತಾರೆ. ಮಲ ಕಪ್ಪಾಗುವುದು ಸಹಜ, ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ, ಕಾಫಿ–ಟೀ ಜತೆ ಬೇಡ, ನಿಂಬೆ ಪಾನಕದ ಜತೆ ಒಳ್ಳೆಯದು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿನಲ್ಲಿ ಎಂದು ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. ನನ್ನ ಮಟ್ಟಿಗೆ ಈ ಐದು ನಿಮಿಷದ ಮಾತು ಮಾತ್ರೆಯಷ್ಟೇ ಮುಖ್ಯ.

ಇಷ್ಟೆಲ್ಲ ಜತನದಿಂದ ನಡೆದದ್ದು ಕೈತಪ್ಪುವುದು ಸೀಮಂತದ ನಂತರ. ಹುಡುಗಿ ತವರಿಗೆ ಹೋಗುತ್ತಾಳೆ, ಕಾರ್ಡು ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಅಪಾಯ ಹೆಚ್ಚುವ ಕೊನೆಯ ತಿಂಗಳುಗಳಲ್ಲೇ ಅವಳ ಹಿಂದಿನ ಬಿಪಿ, ರಕ್ತದ ಗುಂಪು ಯಾವುದೂ ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಸೀರೆ, ಬಳೆಗಿಂತ ಮೊದಲು ಬ್ಯಾಗಿಗೆ ಕಾರ್ಡು ಹಾಕಿ. ಹೊರಡುವ ಮುನ್ನ ನರ್ಸಮ್ಮನಿಗೆ ತಿಳಿಸಿ, ತವರೂರು ಮುಟ್ಟಿದ ವಾರದಲ್ಲೇ ಅಲ್ಲಿನವರ ಬಳಿ ಹೆಸರು ಬರೆಸಿ. ಹೆರಿಗೆ ಯಾವ ಆಸ್ಪತ್ರೆಯಲ್ಲಿ, ರಾತ್ರಿ ಹೊತ್ತು ಜತೆಗೆ ಯಾರು ಎಂಬುದನ್ನು ಆಗಲೇ ನಿಶ್ಚಯಿಸಿಕೊಳ್ಳಿ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ರಕ್ತ ಅಥವಾ ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.