ಚಿಗರಿ ಬೇಟೆಗೆ ಲೈಸೆನ್ಸ್ ಎಲ್ಲಿ ಕೊಡುತ್ತಾರೆ?

ಅಮೆರಿಕದಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆದು ಜಿಂಕೆ ಬೇಟೆ ಆಡುತ್ತಾರೆ. ಯಾವ ತಿಂಗಳು, ಯಾವ ಕಾಡು, ಎಷ್ಟು ಜಿಂಕೆ ಎಂಬುದಕ್ಕೆಲ್ಲ ಅಲ್ಲಿ ನಿಯಮಗಳಿವೆ. ಇದನ್ನು ಮೊಬೈಲಿನಲ್ಲಿ ನೋಡಿದ ಮೊಮ್ಮಗ ಕೇಳಿದ: ‘ಅಜ್ಜಾ, ನಮ್ಮ ಕಡೆ ಚಿಗರಿ ಬೇಟೆಗೆ ಲೈಸೆನ್ಸ್ ಎಲ್ಲಿ ಕೊಡ್ತಾರ?’

ಮಕ್ಕಳೇ, ವಿಜಯಪುರದಲ್ಲಿ ಕೇಳಿ, ತಿಕೋಟಾದಲ್ಲಿ ಕೇಳಿ, ಬಬಲೇಶ್ವರದಲ್ಲಿ ಕೇಳಿ, ಉತ್ತರ ಒಂದೇ: ಎಲ್ಲಿಯೂ ಕೊಡುವುದಿಲ್ಲ.

ನಾವು ಚಿಗರಿ ಎನ್ನುವುದು ಕೃಷ್ಣಮೃಗವನ್ನು. ಜಿಂಕೆ ಎಂದು ಕರೆದರೂ ಇದು ನಿಜವಾದ ಜಿಂಕೆಯಲ್ಲ. ಜಿಂಕೆಯ ಕೋಡು ಕವಲೊಡೆಯುತ್ತದೆ, ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ಕೋಡು ತಿರುಪಿನಂತೆ ಸುತ್ತಿಕೊಂಡಿರುತ್ತದೆ, ಉದುರುವುದಿಲ್ಲ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಹೆಣ್ಣಿಗೆ ಕಂದುಬಣ್ಣ. ದಟ್ಟ ಕಾಡು ಇದಕ್ಕೆ ಒಗ್ಗದು. ಬಯಲೇ ಇದರ ಮನೆ.

ಹಿಂದೆ ರಾಜರು ಬೇಟೆ ಆಡುತ್ತಿದ್ದರು. ಪಕ್ಕದ ಕೊಲ್ಹಾಪುರದ ಅರಸರು ಚೀತಾಗಳನ್ನು ಪಳಗಿಸಿ ಚಿಗರಿಯ ಬೆನ್ನಟ್ಟಿಸುತ್ತಿದ್ದರು. ಆ ಚೀತಾ ನಮ್ಮ ದೇಶದಿಂದಲೇ ಅಳಿದುಹೋಯಿತು ಎಂದು 1952ರಲ್ಲಿ ಘೋಷಿಸಬೇಕಾಯಿತು. 2022ರಲ್ಲಿ ನಮೀಬಿಯಾದಿಂದ ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಕಳೆದುಕೊಂಡದ್ದನ್ನು ಮರಳಿ ತರುವುದು ಎಷ್ಟು ಕಷ್ಟ ನೋಡಿ!

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರ ಮೊದಲನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಚಿಗರಿಯೂ ಇದೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಉರುಲು ಹಾಕುವುದು, ವಿಷ ಇಡುವುದು, ಹಿಡಿಯುವುದು, ಹಿಡಿಯಲು ಯತ್ನಿಸುವುದು ಕೂಡ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಮಾಂಸ ಕೊಂಡವರೂ ತಪ್ಪಿತಸ್ಥರೇ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದೇ ಅಭಯಾರಣ್ಯವಾಯಿತು. ಆದರೆ ಈ ರಕ್ಷಣೆ ಅಭಯಾರಣ್ಯದ ಒಳಗೆ ಮಾತ್ರವಲ್ಲ, ನಮ್ಮ ಹೊಲದಲ್ಲೂ ಇದೆ.

‘ಹಾಗಾದರೆ ಕಡಲೆ, ತೊಗರಿ ತಿಂದು ಹಾಳುಮಾಡಿದರೆ ರೈತ ಏನು ಮಾಡಬೇಕು?’ ಎಂದು ಅಜ್ಜಂದಿರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಮೊಳಕೆಯೊಡೆದ ಪೈರನ್ನು ಒಂದು ಹಿಂಡು ಮೇಯ್ದರೆ ಬಿತ್ತಿದವನ ಹೊಟ್ಟೆ ಉರಿಯದೆ ಇರದು. ಆದರೂ ಬೆಳೆಹಾನಿಯ ಕಾರಣಕ್ಕೆ ಚಿಗರಿಯನ್ನು ಕೊಲ್ಲಲು ಕಾಯ್ದೆ ಅನುಮತಿ ಕೊಡುವುದಿಲ್ಲ. ಹಾನಿಯ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು, ತಡಮಾಡದೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಬೇಕು. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ನಲವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತವನ ಮಾತಿದು: ಕಾಗದ ಇದ್ದರೆ ಕೆಲಸ ನಡೆಯುತ್ತದೆ. ಬೇಲಿಗೆ ಕರೆಂಟು ಮಾತ್ರ ಬಿಡಬೇಡಿ. ಅದಕ್ಕೆ ಚಿಗರಿ ಯಾವುದು, ಮಗು ಯಾವುದು ಎಂಬ ಭೇದ ಗೊತ್ತಿಲ್ಲ.

ಮಕ್ಕಳಿಗೂ ಒಂದು ಕೆಲಸವಿದೆ. ಹುಲ್ಲಿನಲ್ಲಿ ಮರಿಯೊಂದು ಒಂಟಿಯಾಗಿ ಮುದುಡಿ ಮಲಗಿದ್ದರೆ, ಅಯ್ಯೋ ಪಾಪ ಎಂದು ಎತ್ತಿಕೊಂಡು ಬರಬೇಡಿ. ತಾಯಿಯೇ ಅದನ್ನು ಅಲ್ಲಿ ಅಡಗಿಸಿ ಮೇಯಲು ಹೋಗಿರುತ್ತದೆ. ಹಾಲು ಕುಡಿಸಲು ಮರಳಿ ಬರುತ್ತದೆ. ಮನೆಯಲ್ಲಿ ಸಾಕುವುದೂ ಅಪರಾಧ. ಮರಿಗೆ ಗಾಯವಾಗಿದ್ದರೆ, ಬಾವಿಗೆ ಬಿದ್ದಿದ್ದರೆ, ನಾಯಿಗಳು ಮುತ್ತಿದ್ದರೆ ದೊಡ್ಡವರನ್ನು ಕರೆದು ಅರಣ್ಯ ಇಲಾಖೆಗೆ ತಿಳಿಸಿ; ಯಾರೂ ಸಿಗದಿದ್ದರೆ 112ಕ್ಕೆ ಫೋನ್ ಮಾಡಿಸಿ. ಉಳಿದಂತೆ ದೂರ ನಿಂತು ನೋಡಿ, ಸದ್ದು ಮಾಡದೆ ಬನ್ನಿ.