ಓಟ್ಸ್ ಹಿಟ್ಟು: ಸಕ್ಕರೆ ಕಾಯಿಲೆಯವರು ಗಮನಿಸಿ

ಓಟ್ಸನ್ನು ಮನೆಯಲ್ಲೇ ಮಿಕ್ಸಿಗೆ ಹಾಕಿ, ಆ ಹಿಟ್ಟಿನಿಂದ ದೋಸೆ, ಚಪಾತಿ ಮಾಡುವವರು ಈಗ ಹಲವರಿದ್ದಾರೆ. ಒಳ್ಳೆಯದೇ. ಓಟ್ಸಿನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರಿನಂಶ ದಿನಕ್ಕೆ 3 ಗ್ರಾಂ ಸಿಕ್ಕರೆ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಸುಮಾರು 75 ಗ್ರಾಂ ಓಟ್ಸ್ ಬೇಕು. ಗೋಧಿ ಹಿಟ್ಟಿಗೆ ಎರಡು ಚಮಚ ಬೆರೆಸಿದರೆ ಸಾಲದು. ಬರೀ ಓಟ್ಸ್ ಹಿಟ್ಟಿನ ಚಪಾತಿ ಒಡೆಯುತ್ತದೆ, ಅರ್ಧಕ್ಕರ್ಧ ಬೆರೆಸಿಕೊಳ್ಳಿ.

ಆದರೆ ಓಟ್ಸ್ ಔಷಧಿಯಲ್ಲ, ಧಾನ್ಯ. ಅದರ ಅರ್ಧಕ್ಕಿಂತ ಹೆಚ್ಚು ಭಾಗ ಪಿಷ್ಟವೇ. ನುಣ್ಣಗಾದಷ್ಟೂ ಬೇಗ ಜೀರ್ಣವಾಗಿ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಆದ್ದರಿಂದ ತರಿತರಿಯಾಗಿ ಪುಡಿ ಮಾಡಿ. ‘ಓಟ್ಸ್ ದೋಸೆ ತಾನೇ ಡಾಕ್ಟ್ರೇ’ ಎಂದು ಆರು ತಿಂದು ಬರುವವರಿದ್ದಾರೆ! ಅಕ್ಕಿ ದೋಸೆ ಎರಡು ತಿನ್ನುತ್ತಿದ್ದರೆ ಇದನ್ನೂ ಎರಡೇ ತಿನ್ನಿ. ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ. ತಿಂದ ಎರಡು ಗಂಟೆಯ ನಂತರ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ನೋಡಿ.